ಚರಂಡಿಯೊಂದು ದಿಲ್ಲಿಗೆ ಹರಿದ ಊರು

ದಿಲ್ಲಿಯಿಂದ ಮುಂಬಯಿಗೆ ಹೋಗುವ ರೈಲುದಾರಿ ಕೋಟಾ ನಗರವನ್ನು ದಾಟಿ, ನಾಗದಾವನ್ನು ಹಿಂದೆ ಬಿಟ್ಟು, ಮಾಳವದ ಕಪ್ಪುಮಣ್ಣಿನ ಹೊಲಗಳ ನಡುವೆ ಸಾಗುತ್ತಿರುವಾಗ ರತ್ಲಾಮ್ ಜಂಕ್ಷನ್ ಎದುರಾಗುತ್ತದೆ. ಇಲ್ಲಿಂದ ಮುಂದೆ ಹಳಿಗಳು ಮಾಳವದ ಎತ್ತರವನ್ನು ತೊರೆದು, ದಾಹೋದ್, ಗೋಧ್ರಾಗಳ ಮಾರ್ಗವಾಗಿ ಗುಜರಾತಿನ ಬಯಲಿಗೆ ಇಳಿಯುತ್ತವೆ. ಒಂದು ಕವಲು ಚಿತ್ತೋಡದ ಕಡೆಗೆ ಹೊರಳಿದರೆ ಮತ್ತೊಂದು ಇಂದೂರಿನತ್ತ ತಿರುಗುತ್ತದೆ. ಹೀಗೆ ನಾಲ್ಕು ದಿಕ್ಕಿನ ಗಾಡಿಗಳು ಬಂದು ಕೂಡುವ ಊರಾದುದರಿಂದ, ರತ್ಲಾಮಿನ ಹೆಸರನ್ನು ಕೇಳದ ಉತ್ತರದ ಪ್ರಯಾಣಿಕನಿಲ್ಲ. ಆದರೆ ನಿಲ್ದಾಣದಿಂದ ಹೊರಬಿದ್ದು ಊರನ್ನು ನೋಡಿದವರು ವಿರಳ.

ನೋಡಿದವರು ಸಾಮಾನ್ಯವಾಗಿ ಮೂರು ವಸ್ತುಗಳನ್ನು ಹೊಗಳುತ್ತಾರೆ. ಮೊದಲನೆಯದು ಸೇವು. ಕಡಲೆಹಿಟ್ಟಿಗೆ ಲವಂಗ, ಮೆಣಸುಗಳ ಖಾರವನ್ನು ಬೆರೆಸಿ ಎಣ್ಣೆಯಲ್ಲಿ ಕರಿದ ಈ ತಿಂಡಿಗೆ ಊರಿನ ಹೆಸರೇ ಅಂಟಿಕೊಂಡಿದ್ದು, ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆತಿದೆ. ಎರಡನೆಯದು ಚಿನಿವಾರರ ಪೇಟೆಯ ಚಿನ್ನ, ಮೂರನೆಯದು ಸೀರೆ. ಚರಿತ್ರೆಯಲ್ಲಿ ಆಸಕ್ತಿಯುಳ್ಳವರು ಇನ್ನೊಂದು ಸಂಗತಿಯನ್ನು ಕೂಡಿಸುತ್ತಾರೆ. ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಶಹಜಹಾನ್ ಚಕ್ರವರ್ತಿಯ ಕೃಪೆಗೆ ಪಾತ್ರನಾದ ರತನ್ ಸಿಂಹನೆಂಬ ರಾಠೋಡ ವೀರನು ಈ ಸಂಸ್ಥಾನವನ್ನು ಕಟ್ಟಿದನು. 1658ರಲ್ಲಿ ಉಜ್ಜಯಿನಿಯ ಸಮೀಪದ ಧರ್ಮತ್ ರಣಾಂಗಣದಲ್ಲಿ ಔರಂಗಜೇಬನ ಸೇನೆಯ ಎದುರು ಹೋರಾಡುತ್ತ ಅವನು ಮಡಿದನು. ಅವನ ವಂಶದವರ ಆಳಿಕೆ 1948ರವರೆಗೆ ನಡೆಯಿತು. ಆ ವರ್ಷ ರತ್ಲಾಮ್ ಮಧ್ಯಭಾರತದೊಡನೆ ಸೇರಿತು. 1956ರಲ್ಲಿ ಮಧ್ಯಪ್ರದೇಶದ ಭಾಗವಾಯಿತು.

ಇಷ್ಟೆಲ್ಲ ಇದ್ದರೂ ಭಾರತದ ಕಾನೂನು ವಿದ್ಯಾರ್ಥಿಗಳ ಬಾಯಲ್ಲಿ ರತ್ಲಾಮಿನ ಹೆಸರು ನಲಿಯುವುದು ಸೇವಿನಿಂದಲೂ ಅಲ್ಲ, ರತನ್ ಸಿಂಹನಿಂದಲೂ ಅಲ್ಲ. ಅದು ಒಂದು ಚರಂಡಿಯ ಕಾರಣದಿಂದ. ಈ ಊರಿನ ಒಂದು ಬೀದಿಯ ಚರಂಡಿ ಮ್ಯಾಜಿಸ್ಟ್ರೇಟರ ಕಚೇರಿಯಲ್ಲಿ ಹೊರಟು, ಒಂದೊಂದೇ ಮೆಟ್ಟಿಲೇರಿ, 1980ರಲ್ಲಿ ದಿಲ್ಲಿಯ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಊರಿನ ಆಡಳಿತವು ತನ್ನ ಮೇಲೆ ಹೂಡಿದ ಮೊಕದ್ದಮೆಯನ್ನು ಹೇಗೆ ಎದುರಿಸುತ್ತದೆ, ಹೇಗೆ ಎದುರಿಸಬೇಕಾಗಿತ್ತು ಎಂಬುದಕ್ಕೆ ಇದಕ್ಕಿಂತ ಸ್ವಾರಸ್ಯವಾದ ಕಥೆ ದೊರೆಯುವುದು ಕಷ್ಟ.

ಹೊಸ ರಸ್ತೆಯ ಹಳೆಯ ನಾರುವಿಕೆ

ರತ್ಲಾಮಿನ ಹನ್ನೆರಡನೆಯ ವಾರ್ಡಿನಲ್ಲಿ ನ್ಯೂ ರೋಡ್ ಎಂಬ ಬೀದಿಯುಂಟು. ಮೊಕದ್ದಮೆಯ ಕಾಲಕ್ಕೆ ಅದು ಊರಿನ ಪ್ರತಿಷ್ಠಿತ ಬೀದಿಗಳಲ್ಲಿ ಒಂದು. ಓದುಬರಹ ಬಲ್ಲವರು, ಕೈಯಲ್ಲಿ ನಾಲ್ಕು ಕಾಸಿದ್ದವರು ಅಲ್ಲಿ ಮನೆ ಕಟ್ಟಿಕೊಂಡಿದ್ದರು. ಒಂದು ಕಡೆಯ ಮನೆಗಳ ಹಿಂಬದಿಗೆ ಸರಕಾರಿ ಕಾಲೇಜಿನ ಎಲ್ಲೆ. ನಡುವೆ ಒಂದು ಕೊಳಕು ನಾಲೆ. ಮದ್ಯಸಾರದ ಕಾರ್ಖಾನೆಯಿಂದ ಹೊರಬಿದ್ದ ರಾಸಾಯನಿಕದ ನೀರು ಆಗಾಗ ಈ ನಾಲೆಯಲ್ಲಿ ಹರಿದು ಬರುತ್ತಿತ್ತು. ಅದರ ದುರ್ಗಂಧಕ್ಕೆ ಮನೆಯವರು ಕಿಟಕಿ ತೆರೆಯುವಂತಿರಲಿಲ್ಲ.

ಪುರಸಭೆ ಏನೂ ಮಾಡಿರಲಿಲ್ಲವೆಂದು ಹೇಳುವಂತಿಲ್ಲ. ಅದು ಚರಂಡಿಯನ್ನು ಕಟ್ಟಲು ತೊಡಗಿತ್ತು. ಆದರೆ ನಡುವೆಯೇ ಕೈಬಿಟ್ಟಿತ್ತು. ಕೆಲವೆಡೆ ಕಲ್ಲು ಕಟ್ಟಿದ್ದರೆ ಕೆಲವೆಡೆ ಬರಿಯ ಮಣ್ಣು. ಅರ್ಧ ಕಟ್ಟಿದ ಚರಂಡಿ, ಚರಂಡಿ ಇಲ್ಲದುದಕ್ಕಿಂತ ಕೆಡುಕು. ನೀರು ಕಟ್ಟಿದ ಭಾಗದಲ್ಲಿ ಓಡಿ ಬಂದು, ಕಟ್ಟದ ಭಾಗದಲ್ಲಿ ನಿಂತಿತು. ಸೆಪ್ಟಿಕ್ ಟ್ಯಾಂಕುಗಳ ಹೊಲಸೂ ಅದರೊಡನೆ ಸೇರಿ ಬಯಲಿನ ಹೊಂಡಗಳಲ್ಲಿ ಮಡುಗಟ್ಟಿತು. ಹೊಂಡಗಳಲ್ಲಿ ಸೊಳ್ಳೆಗಳು ಹುಟ್ಟಿದವು. ಸೊಳ್ಳೆಗಳೊಡನೆ ಮಲೇರಿಯದ ಭಯವೂ ಬಂದಿತು.

ಬೀದಿಯ ಆಸುಪಾಸಿನಲ್ಲಿ ಗುಡಿಸಲುವಾಸಿಗಳೂ ಇದ್ದರು. ಅವರ ಮನೆಗಳಲ್ಲಿ ಶೌಚಕ್ಕೆ ಎಡೆಯಿರಲಿಲ್ಲ. ಪುರಸಭೆಯೂ ಅವರಿಗಾಗಿ ಶೌಚಗೃಹಗಳನ್ನು ಕಟ್ಟಿಸಿರಲಿಲ್ಲ. ಆದುದರಿಂದ ಬೀದಿಯ ಬದಿಯೇ ಅವರಿಗೆ ಗತಿಯಾಯಿತು. ಬಂಗಲೆಯವರಿಗೆ ಇದು ಅಸಹ್ಯ. ಗುಡಿಸಲಿನವರಿಗೆ ಇದು ಅವಮಾನ. ಎರಡಕ್ಕೂ ಮೂಲ ಒಂದೇ ಎಂಬುದನ್ನು ಮುಂದೆ ದಿಲ್ಲಿಯ ನ್ಯಾಯಮೂರ್ತಿಗಳು ಗುರುತಿಸಿದರು.

ಬೀದಿಯವರ ಮನವಿಗಳಿಂದ ಫಲ ಕಾಣಲಿಲ್ಲ. ಕೊನೆಗೆ ಅವರು ಉಪವಿಭಾಗದ ಮ್ಯಾಜಿಸ್ಟ್ರೇಟರ ಬಾಗಿಲನ್ನು ತಟ್ಟಿದರು. ಇಲ್ಲಿ ಅವರು ತೋರಿದ ಜಾಣ್ಮೆ ಗಮನಿಸತಕ್ಕದ್ದು. ಸಿವಿಲ್ ದಾವೆ ಹೂಡಿದ್ದರೆ ಅದು ವರ್ಷಗಳ ಮಾತು. ಅವರು ಹಿಡಿದದ್ದು ದಂಡಪ್ರಕ್ರಿಯಾ ಸಂಹಿತೆಯ 133ನೆಯ ಕಲಮನ್ನು. ಸಾರ್ವಜನಿಕರಿಗೆ ಉಪದ್ರವವಾಗುವುದನ್ನು ಇಂತಿಷ್ಟು ದಿನಗಳೊಳಗೆ ತೆಗೆದುಹಾಕೆಂದು ಆಜ್ಞಾಪಿಸುವ ಅಧಿಕಾರವನ್ನು ಆ ಕಲಮು ಮ್ಯಾಜಿಸ್ಟ್ರೇಟರಿಗೆ ನೀಡಿತ್ತು. ಬ್ರಿಟಿಷರ ಕಾಲದ 1898ರ ಸಂಹಿತೆಯಲ್ಲಿಯೂ ಅದು ಇತ್ತು. ದಾರಿಗೆ ಅಡ್ಡವಾದ ಗೋಡೆ, ಬೀಳುವಂತಿರುವ ಮರ, ನಾರುವ ತೊಟ್ಟಿ, ಇಂಥವುಗಳ ಒಡೆಯರ ಮೇಲೆ ಬಳಕೆಯಾಗುತ್ತಿದ್ದ ಆ ಅಸ್ತ್ರವನ್ನು ರತ್ಲಾಮಿನವರು ಪುರಸಭೆಯತ್ತಲೇ ತಿರುಗಿಸಿದರು. ಅದಕ್ಕೆ ಬಲವಾಗಿ 1961ರ ಮಧ್ಯಪ್ರದೇಶ ಪುರಸಭೆಗಳ ಅಧಿನಿಯಮವನ್ನು ತೋರಿಸಿದರು. ಬೀದಿ, ಚರಂಡಿಗಳನ್ನು ಶುಚಿಯಾಗಿಡುವುದು ಪುರಸಭೆಯ ಕರ್ತವ್ಯವೆಂದು ಅದರ 123ನೆಯ ಕಲಮು ಸ್ಪಷ್ಟವಾಗಿ ಸಾರಿತ್ತು.

ಮ್ಯಾಜಿಸ್ಟ್ರೇಟರು ಫಿರ್ಯಾದನ್ನು ಒಪ್ಪಿದರು. ಉಪದ್ರವವನ್ನು ಹೋಗಲಾಡಿಸಲು ಆರು ತಿಂಗಳೊಳಗೆ ಯೋಜನೆಯನ್ನು ಸಿದ್ಧಗೊಳಿಸಬೇಕೆಂದು ಪುರಸಭೆಗೆ ಅಪ್ಪಣೆಯಾಯಿತು.

ಪುರಸಭೆಯ ಮೂರು ಉತ್ತರಗಳು

ಆಗ ಪುರಸಭೆ ಏನು ಮಾಡಬಹುದಾಗಿತ್ತು? ಎಂಜಿನಿಯರನ್ನು ಕರೆಸಿ, ನಕ್ಷೆ ಬರೆಯಿಸಿ, ಇದ್ದ ಹಣದಲ್ಲಿ ಆದಷ್ಟು ಕೆಲಸವನ್ನು ಆರಂಭಿಸಬಹುದಾಗಿತ್ತು. ಅದರ ಬದಲು ವಕೀಲರನ್ನು ಕರೆಸಿತು. ಅದು ಮುಂದಿಟ್ಟ ವಾದಗಳು ಮುಖ್ಯವಾಗಿ ಮೂರು.

ಒಂದನೆಯದು: ಈ ಜನರು ಕಣ್ಣು ತೆರೆದುಕೊಂಡೇ ಆ ಜಾಗಕ್ಕೆ ಬಂದು ಮನೆ ಕಟ್ಟಿದವರು, ಅಲ್ಲಿಯ ಹೊಲಸು ಅವರಿಗೆ ಮೊದಲೇ ತಿಳಿದಿತ್ತು, ಈಗ ದೂರುವ ಹಕ್ಕು ಅವರಿಗಿಲ್ಲ. ಎರಡನೆಯದು: ಪುರಸಭೆಯ ಬೊಕ್ಕಸ ಬರಿದಾಗಿದೆ, ಹಣವಿಲ್ಲದೆ ಚರಂಡಿಯಾಗುವುದೆಂತು? ಮೂರನೆಯದು: ಪುರಸಭೆಯಂಥ ಸಂಸ್ಥೆಯ ಮೇಲೆ 133ನೆಯ ಕಲಮಿನ ಅಧಿಕಾರ ನಡೆಯದು.

ಮೊದಲನೆಯ ಉತ್ತರವನ್ನು ಓದಿದ ಯಾರಿಗೂ ನಗೆ ಬಾರದೆ ಇರದು. ತೆರಿಗೆ ವಸೂಲಿಗೆ ಬರುವಾಗ, ನೀವು ಕಣ್ಣು ತೆರೆದು ಬಂದವರೇ ಎಂದು ಯಾವ ಪುರಸಭೆಯೂ ಕೇಳುವುದಿಲ್ಲ. ಎರಡನೆಯದು ಮಾತ್ರ ನಗೆಯ ಸಂಗತಿಯಲ್ಲ. ಭಾರತದ ಸಣ್ಣ ಊರುಗಳ ಪುರಸಭೆಗಳು ಬಡವು ಎಂಬುದು ಸುಳ್ಳಲ್ಲ. ಮನೆಕಂದಾಯ, ನೀರಿನ ತೆರಿಗೆ, ಅಂಗಡಿ ಬಾಡಿಗೆ, ಸರಕಾರದ ಅನುದಾನ, ಇವುಗಳಿಂದ ನೌಕರರ ಸಂಬಳ ಕಳೆದು ಉಳಿಯುವುದು ಎಷ್ಟು? ಆದುದರಿಂದ ಈ ವಾದ ಮೊಕದ್ದಮೆಯ ಜೀವಾಳವಾಯಿತು. ಹಣವಿಲ್ಲ ಎಂಬ ಮಾತು ಕರ್ತವ್ಯದಿಂದ ಬಿಡುಗಡೆ ನೀಡುವುದೇ?

ಕೆಳಗಿನ ನ್ಯಾಯಾಲಯಗಳಲ್ಲಿ ಇದಕ್ಕೆ ಎರಡು ಬಗೆಯ ಉತ್ತರ ಬಂದಿತು. ಮ್ಯಾಜಿಸ್ಟ್ರೇಟರ ಆಜ್ಞೆ ಸಮರ್ಥನೀಯವಲ್ಲವೆಂದು ಸೆಷನ್ಸ್ ನ್ಯಾಯಾಲಯ ಹೇಳಿತು. ಮಧ್ಯಪ್ರದೇಶದ ಉಚ್ಚ ನ್ಯಾಯಾಲಯ ಅದನ್ನು ತಳ್ಳಿ, ಮ್ಯಾಜಿಸ್ಟ್ರೇಟರ ಆಜ್ಞೆಯನ್ನೇ ಎತ್ತಿಹಿಡಿಯಿತು. ಅಲ್ಲಿಗೂ ಪುರಸಭೆಗೆ ಸಮಾಧಾನವಾಗಲಿಲ್ಲ. ವಿಶೇಷ ಅನುಮತಿ ಪಡೆದು ಅದು ಸರ್ವೋಚ್ಚ ನ್ಯಾಯಾಲಯಕ್ಕೆ ಅಪೀಲು ಹೋಯಿತು. ಇಷ್ಟರಲ್ಲಿ ವರ್ಷಗಳೇ ಉರುಳಿದ್ದವು. ನ್ಯೂ ರೋಡಿನ ಹೊಂಡಗಳಲ್ಲಿ ನೀರು ನಿಂತೇ ಇತ್ತು.

ಯಾರದೋ ದುಡ್ಡು

ಪುರಸಭೆಗಳು ಹೀಗೇಕೆ ವರ್ತಿಸುತ್ತವೆ? ಇದು ರತ್ಲಾಮ್ ಒಂದರ ದೋಷವಲ್ಲ. ಊರಿನ ಆಡಳಿತದ ಮೇಲೆ ಒಂದು ದಾವೆ ಬಂದಾಗ ಅದು ಹಾಯುವ ದಾರಿಯನ್ನು ನೋಡಿದರೆ ಕಾರಣ ತಿಳಿಯುತ್ತದೆ.

ದಾವೆ ಹೂಡುವ ಮೊದಲು ಪುರಸಭೆಗೆ ನೋಟೀಸು ಕೊಟ್ಟು ಕಾಯಬೇಕೆಂದು ಅನೇಕ ರಾಜ್ಯಗಳ ಕಾನೂನುಗಳು ವಿಧಿಸುತ್ತವೆ. ಇದರ ಉದ್ದೇಶ ಒಳ್ಳೆಯದೇ. ತಪ್ಪಿದ್ದರೆ ಆ ಅವಧಿಯಲ್ಲಿ ತಿದ್ದಿಕೊಳ್ಳಲಿ, ಮಾತುಕತೆಯಿಂದ ವ್ಯಾಜ್ಯ ತೀರಲಿ ಎಂಬುದೇ ಅದರ ಆಶಯ. ಆದರೆ ನಡೆಯುವುದು ಬೇರೆ. ನೋಟೀಸು ಕಚೇರಿಯ ಕಡತವನ್ನು ಸೇರುತ್ತದೆ, ಕಡತ ಮೇಜಿನಿಂದ ಮೇಜಿಗೆ ಸಾಗುತ್ತದೆ, ಅವಧಿ ಮುಗಿಯುತ್ತದೆ. ದಾವೆ ಬಂದೊಡನೆ ವಕೀಲರಿಗೆ ವಕಾಲತ್ತು ಹೋಗುತ್ತದೆ. ಫಿರ್ಯಾದಿಯ ಮಾತೆಲ್ಲ ಸುಳ್ಳೆಂಬ ಜವಾಬು ತಯಾರಾಗುತ್ತದೆ. ಬಳಿಕ ವಾಯಿದೆಯ ಮೇಲೆ ವಾಯಿದೆ. ಸೋತರೆ ಅಪೀಲು.

ರಾಜಿ ಮಾಡಿಕೊಳ್ಳುವ ಅಧಿಕಾರ ಪುರಸಭೆಗಳಿಗೆ ಇಲ್ಲದಿಲ್ಲ. ಆದರೆ ರಾಜಿಗೆ ಒಬ್ಬ ಅಧಿಕಾರಿ ಸಹಿ ಹಾಕಬೇಕು. ನಾಳೆ ಲೆಕ್ಕ ತಪಾಸಣೆಯವರು, ಈ ಹಣವನ್ನು ಏಕೆ ಬಿಟ್ಟುಕೊಟ್ಟಿರೆಂದು ಆಕ್ಷೇಪಿಸಿದರೆ ಉತ್ತರ ಹೇಳಬೇಕಾದವನು ಅವನೇ. ಅಪೀಲು ಹೋದವನನ್ನು ಮಾತ್ರ ಯಾರೂ ಪ್ರಶ್ನಿಸುವುದಿಲ್ಲ. ಸೋತರೆ ನ್ಯಾಯಾಲಯದ ಮೇಲೆ ಹೊರೆ ಹೊರಿಸಬಹುದು. ಆದುದರಿಂದ ಹೋರಾಡುವುದು ಸುರಕ್ಷಿತ, ಒಪ್ಪುವುದು ಅಪಾಯ ಎಂಬ ಭಾವನೆ ಕಚೇರಿಗಳಲ್ಲಿ ಬೇರೂರಿದೆ.

ಇನ್ನು ಖರ್ಚು? ನ್ಯಾಯಾಲಯದಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಕನ್ನಡಿಗರಿಗೆ ಹೊಸದಲ್ಲ. ಆದರೆ ಆ ಗಾದೆ ತನ್ನ ಕೈಯಿಂದ ಖರ್ಚು ಮಾಡುವವನಿಗೆ ಹೇಳಿದ್ದು. ಪುರಸಭೆಯ ವಿಷಯಕ್ಕೆ ಒಪ್ಪುವ ಗಾದೆ ಬೇರೆ ಇದೆ: ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ನ್ಯೂ ರೋಡಿನ ನಿವಾಸಿ ತನ್ನ ವಕೀಲರಿಗೆ ತನ್ನ ಜೇಬಿನಿಂದ ಕೊಟ್ಟನು. ತನ್ನೆದುರು ವಾದಿಸುವ ಪುರಸಭೆಯ ವಕೀಲರಿಗೂ ಅವನ ಮನೆಕಂದಾಯದ ಹಣವೇ ಸಂದಿತು. ಒಂದೇ ಬೀದಿಯ ಜನ ಜಗಳದ ಎರಡು ಕಡೆಯ ಖರ್ಚನ್ನೂ ಹೊತ್ತರು.

ದಿಲ್ಲಿಯ ತೀರ್ಪು

ಅಪೀಲನ್ನು ಕೇಳಿದವರು ಇಬ್ಬರು ನ್ಯಾಯಮೂರ್ತಿಗಳು. ತೀರ್ಪನ್ನು ಬರೆದವರು ವಿ. ಆರ್. ಕೃಷ್ಣ ಅಯ್ಯರ್. 1957ರಲ್ಲಿ ಕೇರಳದ ಮೊದಲ ಮಂತ್ರಿಮಂಡಲದಲ್ಲಿ ಕಾನೂನು ಮತ್ತು ಗೃಹ ಖಾತೆಗಳನ್ನು ನಡೆಸಿದ್ದ ಅವರಿಗೆ ಆಡಳಿತದ ಕಷ್ಟಗಳೂ ಗೊತ್ತಿದ್ದವು, ಅದರ ನೆಪಗಳೂ ಗೊತ್ತಿದ್ದವು. ಜೊತೆಗಿದ್ದವರು ಓ. ಚಿನ್ನಪ್ಪ ರೆಡ್ಡಿ. ಮುಂದೆ ಕರ್ನಾಟಕದ ಮೂರನೆಯ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿ 1990ರಲ್ಲಿ ವರದಿಯನ್ನು ಒಪ್ಪಿಸಿದವರು ಅವರೇ. ಕನ್ನಡ ನಾಡಿಗೆ ಆ ಹೆಸರು ಪರಿಚಿತ.

1980ರ ಜುಲೈ 29ರಂದು ತೀರ್ಪು ಹೊರಬಿದ್ದಿತು. ಸಾರ್ವಜನಿಕರ ಆರೋಗ್ಯವನ್ನು ಕಾಪಾಡುವುದಕ್ಕೆಂದೇ ಹುಟ್ಟಿದ ಸಂಸ್ಥೆ, ಕೈಯಲ್ಲಿ ಹಣವಿಲ್ಲವೆಂದು ಹೇಳಿ ಆ ಕೆಲಸದಿಂದ ನುಣುಚಿಕೊಳ್ಳುವಂತಿಲ್ಲ ಎಂಬುದು ಅದರ ತಿರುಳು. ಹಣ ಸಾಲದಿದ್ದರೆ ರಾಜ್ಯ ಸರಕಾರದಿಂದ ಸಾಲವನ್ನೋ ಅನುದಾನವನ್ನೋ ಕೇಳಬೇಕು. ಅಷ್ಟೇನೂ ಅಗತ್ಯವಲ್ಲದ ವೆಚ್ಚಗಳನ್ನು ಬದಿಗಿರಿಸಬೇಕು. ಜನರ ಆರೋಗ್ಯವನ್ನು ಹೆಚ್ಚಿಸುವುದು ರಾಜ್ಯದ ಮೊದಲ ಕರ್ತವ್ಯಗಳಲ್ಲೊಂದೆಂದು ಸಂವಿಧಾನದ 47ನೆಯ ಅನುಚ್ಛೇದ ಸಾರುತ್ತದೆ. 133ನೆಯ ಕಲಮನ್ನು ಅದರ ಬೆಳಕಿನಲ್ಲಿ ಓದಬೇಕು. ಸಭ್ಯತೆ, ಮಾನ ಎಂಬುವು ಮಾನವ ಹಕ್ಕುಗಳ ಅಂಗಗಳು. ಅವುಗಳಲ್ಲಿ ಚೌಕಾಶಿ ಸಲ್ಲದು. ದೇಹದ ಅವಸರ ಬಡವನನ್ನು ಬೀದಿಗೆ ತಳ್ಳಿದಾಗ ಅವನಿಗೆ ನಾಚಿಕೆಯೂ ದುಬಾರಿಯ ವಸ್ತುವಾಗುತ್ತದೆ ಎಂಬ ಭಾವದ ಮಾತೂ ಆ ತೀರ್ಪಿನಲ್ಲಿದೆ. ಬಂಗಲೆಯವರ ದೂರಿನಿಂದ ಹುಟ್ಟಿದ ಮೊಕದ್ದಮೆಯಲ್ಲಿ ಗುಡಿಸಲಿನವರ ಪಾಡು ಹೀಗೆ ಮುಂದೆ ಬಂದು ನಿಂತಿತು.

ಪುರಸಭೆಯ ವ್ಯಾಜ್ಯದ ಚಪಲವನ್ನೂ ನ್ಯಾಯಮೂರ್ತಿಗಳು ಬಿಡಲಿಲ್ಲ. ಕೋರ್ಟಿನಲ್ಲಿ ತೋರಿಸಿದ ಉತ್ಸಾಹದ ಅರ್ಧವನ್ನು ಬೀದಿ ಗುಡಿಸುವುದರಲ್ಲಿ, ಜನರನ್ನು ಶ್ರಮದಾನಕ್ಕೆ ಹುರಿದುಂಬಿಸಿ ಚರಂಡಿ ಕಟ್ಟುವುದರಲ್ಲಿ ತೋರಿಸಿದ್ದರೆ ಈ ಅಗತ್ಯ ಎಂದೋ ಬಹುಮಟ್ಟಿಗೆ ಪೂರೈಸುತ್ತಿತ್ತು ಎಂದರು. ಪರರ ಹಣದಲ್ಲಿ ನಡೆಸುವ ವ್ಯಾಜ್ಯಕ್ಕೆ ಮದ್ಯದ ಅಮಲುಂಟೆಂದು ಚುಚ್ಚಿದರು. ಎಲ್ಲಮ್ಮನ ಜಾತ್ರೆಯ ಗಾದೆಯನ್ನು ದಿಲ್ಲಿಯ ಭಾಷೆಯಲ್ಲಿ ಹೇಳಿದಂತಾಯಿತು.

ಬುದ್ಧಿಮಾತಿಗೆ ತೀರ್ಪು ನಿಲ್ಲಲಿಲ್ಲ. ಕಾರ್ಖಾನೆಯ ಹೊಲಸು ನೀರು ಬೀದಿಗೆ ಹರಿಯದಂತೆ ಕೂಡಲೇ ತಡೆಯಬೇಕು. ಆರು ತಿಂಗಳೊಳಗೆ ಗಂಡಸರಿಗೂ ಹೆಂಗಸರಿಗೂ ಬೇರೆಬೇರೆಯಾಗಿ ಸಾಕಷ್ಟು ಶೌಚಗೃಹಗಳನ್ನು ಕಟ್ಟಿ, ನೀರು ಒದಗಿಸಿ, ಬೆಳಗೂ ಸಂಜೆಯೂ ಶುಚಿಮಾಡಿಸಬೇಕು. ಅವುಗಳ ಬಳಕೆಯನ್ನು ಜನರಿಗೆ ಕಲಿಸಬೇಕು. ಕೆಲಸ ಮುಗಿದ ಬಗ್ಗೆ ಆರೋಗ್ಯಾಧಿಕಾರಿ ವರದಿ ಕೊಡಬೇಕು. ಹನ್ನೆರಡನೆಯ ವಾರ್ಡಿನಲ್ಲಿ ಸೊಳ್ಳೆ ಹುಟ್ಟದಂತೆ ನೋಡಿಕೊಳ್ಳಲು ರಾಜ್ಯ ಸರಕಾರ ಮಲೇರಿಯ ನಿರ್ಮೂಲನ ಶಾಖೆಗೆ ಸೂಚನೆ ನೀಡಬೇಕು. ಚರಂಡಿ ಕಟ್ಟಿದರೆ ಸಾಲದು, ಹೊಲಸಿನ ಹೊಂಡಗಳನ್ನೂ ಮುಚ್ಚಬೇಕು. ತಪ್ಪಿದರೆ ಹೊಣೆಗಾರ ಅಧಿಕಾರಿಗಳ ಮೇಲೆ ಮ್ಯಾಜಿಸ್ಟ್ರೇಟರು ಮೊಕದ್ದಮೆ ಹೂಡಬೇಕು. ರೋಗ ಬಾರದಂತೆ ಚರಂಡಿಗೆ ಹಾಕಿದ ಹಣ ಆಸ್ಪತ್ರೆಯ ಲೆಕ್ಕದಲ್ಲಿ ಉಳಿತಾಯವೆಂಬ ಒಂದು ಸರಳ ಜಮಾಖರ್ಚನ್ನೂ ನ್ಯಾಯಾಲಯ ಪುರಸಭೆಗೆ ಕಲಿಸಿತು.

ಮಾಳವದಿಂದ ಬೆಂಗಳೂರಿನವರೆಗೆ

ರತ್ಲಾಮಿನ ತೀರ್ಪು ಆ ಊರಿನ ಎಲ್ಲೆಯಲ್ಲಿ ಉಳಿಯಲಿಲ್ಲ. ಅದೇ ದಶಕದಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯ, ನಾಗರಿಕನೊಬ್ಬನ ಅರ್ಜಿಯ ಮೇಲೆ, ಜಯಪುರವನ್ನು ಆರು ತಿಂಗಳಲ್ಲಿ ಶುಚಿಗೊಳಿಸಬೇಕೆಂದು ಅಲ್ಲಿಯ ಪುರಾಡಳಿತಕ್ಕೆ ಆಜ್ಞಾಪಿಸಿತು. 1996ರಲ್ಲಿ ದಿಲ್ಲಿಯ ಕಸದ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ಹಣವಿಲ್ಲ, ಜನವಿಲ್ಲ ಎಂಬ ಉತ್ತರಗಳಿಗೆ ಅಲ್ಲಿಯೂ ಬೆಲೆ ಸಿಗಲಿಲ್ಲ. ಅದೇ ವರ್ಷ ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು ದೇಶದ ನಗರಗಳ ಕಸದ ಸ್ಥಿತಿಯನ್ನು ಕುರಿತು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಪುರಸಭೆಗಳು ಕಸವನ್ನು ಹೇಗೆ ಸಂಗ್ರಹಿಸಬೇಕು, ಹೇಗೆ ವಿಲೇವಾರಿ ಮಾಡಬೇಕು ಎಂಬುದನ್ನು ಗೊತ್ತುಪಡಿಸುವ 2000ದ ನಿಯಮಗಳು ಆ ಅರ್ಜಿಯ ಬೆನ್ನಲ್ಲೇ ಬಂದವು.

ಆದರೆ ತೀರ್ಪಿನಿಂದಲೇ ಚರಂಡಿಯಾಗುವುದಿಲ್ಲ. ಕಟ್ಟಲು ಗುತ್ತಿಗೆದಾರ ಬೇಕು. ಗುತ್ತಿಗೆಯೊಡನೆ ಮತ್ತೊಂದು ಬಗೆಯ ವ್ಯಾಜ್ಯ ಹುಟ್ಟುತ್ತದೆ. ಕೆಲಸ ತಡವಾಯಿತು, ಅಳತೆ ತಪ್ಪಾಯಿತು, ಬಿಲ್ಲು ಪಾವತಿಯಾಗಲಿಲ್ಲ ಎಂಬ ತಕರಾರುಗಳಿಗೆ ಕೊನೆಯಿಲ್ಲ. ಸರಕಾರದ ಕಾಮಗಾರಿಗಳಲ್ಲಿ ಇದಕ್ಕಾಗಿ ಪಂಚಾಯಿತಿಯ ಮಾರ್ಗವನ್ನು ಹಿಡಿಯುವುದು ರೂಢಿ. ಈ ವಿಷಯದಲ್ಲಿ ಮಧ್ಯಪ್ರದೇಶದ ಏರ್ಪಾಡು ವಿಶಿಷ್ಟವಾದುದು. ರಾಜ್ಯ ಸರಕಾರ ಮತ್ತು ಅದರ ಒಡೆತನದ ಸಂಸ್ಥೆಗಳ ಕಾಮಗಾರಿ ಒಪ್ಪಂದಗಳ ವ್ಯಾಜ್ಯಗಳಿಗೆಂದೇ ಆ ರಾಜ್ಯ 1983ರಲ್ಲಿ ಒಂದು ಕಾನೂನನ್ನು ಮಾಡಿ, ಭೋಪಾಲದಲ್ಲಿ ಮಧ್ಯಸ್ಥಿಕೆಯ ನ್ಯಾಯಮಂಡಲಿಯನ್ನು ಸ್ಥಾಪಿಸಿತು. ಸಾಮಾನ್ಯವಾಗಿ ಪಂಚರನ್ನು ಉಭಯ ಪಕ್ಷಗಳು ಒಪ್ಪಿ ಆರಿಸುತ್ತವೆ. ಇಲ್ಲಿ ಒಪ್ಪಂದದಲ್ಲಿ ಪಂಚಾಯಿತಿಯ ಮಾತು ಇರಲಿ, ಇಲ್ಲದಿರಲಿ, ತಕರಾರು ಈ ಮಂಡಲಿಗೇ ಹೋಗಬೇಕು. 

ಸಾಮಾನ್ಯ ನಿವಾಸಿಯ ದೂರಿಗೂ ಕೋರ್ಟಿಗಿಂತ ಹತ್ತಿರದ ಒಂದು ಬಾಗಿಲು ಈಗ ಉಂಟು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮಕ್ಕೆ 2002ರಲ್ಲಿ ತಂದ ತಿದ್ದುಪಡಿಯಿಂದ ಖಾಯಂ ಲೋಕ ಅದಾಲತ್ತುಗಳು ಹುಟ್ಟಿದವು. ನೀರು, ದೀಪ, ಊರಿನ ನೈರ್ಮಲ್ಯ ಮುಂತಾದ ಸೇವೆಗಳ ಬಗೆಗಿನ ವ್ಯಾಜ್ಯವನ್ನು ಕೋರ್ಟಿಗೆ ಹೋಗುವ ಮುನ್ನವೇ ಅಲ್ಲಿ ಇಡಬಹುದು, ಕೋರ್ಟು ಶುಲ್ಕವಿಲ್ಲ. ಮೊದಲು ಉಭಯರನ್ನೂ ಕೂರಿಸಿ ರಾಜಿಗೆ ಯತ್ನಿಸುತ್ತಾರೆ. ರಾಜಿಯಾಗದಿದ್ದರೆ ಅದಾಲತ್ತೇ ತೀರ್ಮಾನ ಕೊಡಬಹುದು. ಅದಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವುಂಟು. ಕರ್ನಾಟಕದಲ್ಲಿಯೂ ಇಂಥ ಅದಾಲತ್ತುಗಳು ಕೆಲಸ ಮಾಡುತ್ತಿವೆ. ಪುರಸಭೆಯ ಅಧಿಕಾರಿಗೂ ಇದರಿಂದ ಒಂದು ಅನುಕೂಲವಿದೆ. ಅದಾಲತ್ತಿನ ಎದುರು ಆದ ರಾಜಿಗೆ ಲೆಕ್ಕ ತಪಾಸಣೆಯವರ ಆಕ್ಷೇಪದ ಭಯ ಕಡಿಮೆ.

ರತ್ಲಾಮಿನವರು ಹಿಡಿದ ಹಳೆಯ ಅಸ್ತ್ರವೂ ಅಳಿದಿಲ್ಲ. ಅದರ ಸಂಖ್ಯೆ ಮಾತ್ರ ಬದಲಾಗಿದೆ. 2024ರ ಜುಲೈ 1ರಿಂದ ದಂಡಪ್ರಕ್ರಿಯಾ ಸಂಹಿತೆಯ ಸ್ಥಾನಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದ್ದು, 133ನೆಯ ಕಲಮಿನ ಅಧಿಕಾರ ಅಲ್ಲಿ 152ನೆಯ ಕಲಮಾಗಿ ಉಳಿದಿದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯಿಂದ ಪುರಸಭೆಗಳಿಗೆ ಸಂವಿಧಾನದಲ್ಲಿಯೇ ನೆಲೆ ದೊರೆತಿದೆ; ಸಾರ್ವಜನಿಕ ಆರೋಗ್ಯ, ನೈರ್ಮಲ್ಯಗಳು ಅವುಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯಲ್ಲಿ ಸೇರಿವೆ. ರತ್ಲಾಮಿನ ಪುರಸಭೆಯೂ ಬೆಳೆದು ಈಗ ನಗರಪಾಲಿಕೆಯಾಗಿದೆ.

ಮಾಳವಕ್ಕೆ ಹೋಗುವ ಕನ್ನಡ ಪ್ರವಾಸಿಗಳು ಉಜ್ಜಯಿನಿಯ ಮಹಾಕಾಲನನ್ನು ಕಾಣುತ್ತಾರೆ. ಮಾಂಡುವಿನ ಅರಮನೆಗಳನ್ನು ಸುತ್ತುತ್ತಾರೆ. ರತ್ಲಾಮಿನಲ್ಲಿ ಗಾಡಿ ಬದಲಿಸುವ ಬಿಡುವಿನಲ್ಲಿ ಸೇವಿನ ಪೊಟ್ಟಣವೊಂದನ್ನು ಕೊಳ್ಳುತ್ತಾರೆ. ಆ ಬಿಡುವು ಇನ್ನೂ ಒಂದಿಷ್ಟು ದೊಡ್ಡದಾಗಿದ್ದರೆ, ನ್ಯೂ ರೋಡಿನಲ್ಲಿ ಒಂದು ಸುತ್ತು ನಡೆಯುವುದರಿಂದ ನಷ್ಟವಿಲ್ಲ. ಅಲ್ಲಿ ಪ್ರೇಕ್ಷಣೀಯ ಗೋಪುರವಾಗಲಿ ಕಮಾನಾಗಲಿ ಇಲ್ಲ. ಆದರೆ ತಮ್ಮ ಊರಿಗೆ ಮರಳಿದ ಬಳಿಕ, ಮನೆಯ ಮುಂದಿನ ಚರಂಡಿ ಕಟ್ಟಿಕೊಂಡಾಗ, ಪುರಸಭೆಯಲ್ಲಿ ಹಣವಿಲ್ಲ ಎಂಬ ಉತ್ತರ ಸಿಕ್ಕಾಗ, ಆ ಬೀದಿಯ ನೆನಪು ಅವರ ಉಪಯೋಗಕ್ಕೆ ಬಂದೀತು.